ರಫಿಯ ಮಸೀದಿ

ಕಲಬುರಗಿ ಕೋಟೆಯೊಳಗಿನ ಜಾಮಿ ಮಸೀದಿ ಅಂದ ಕೂಡಲೇ "ಸ್ಪೇನಿನ ಕಾರ್ಡೊಬಾ ಮಸೀದಿಯ ನಕಲು" ಅನ್ನುವವರೇ ಹೆಚ್ಚು. ನನಗಂತೂ ಒಪ್ಪಿಗೆಯಿಲ್ಲ. ಕಾರ್ಡೊಬಾದಲ್ಲಿ ಒಂದರ ಮೇಲೊಂದು ಕಮಾನು, ಮೇಲೆ ಬಹುಪಾಲು ಮರದ ಚಾವಣಿ, ಮುಂದೆ ದೊಡ್ಡ ಅಂಗಳ ಬೇರೆ. ನಮ್ಮದರಲ್ಲಿ ಅಂಗಳವೇ ಇಲ್ಲ! ಪೂರ್ತಿ ಕಟ್ಟಡಕ್ಕೆ ಸೂರು: ಮಿಹ್ರಾಬಿನ ಮುಂದೆ ಒಂದು ದೊಡ್ಡ ಗುಮ್ಮಟ, ಮೂಲೆಗೊಂದರಂತೆ ನಾಲ್ಕು, ನಡುವೆ 60ಕ್ಕೂ ಹೆಚ್ಚು ಪುಟ್ಟವು. ಮತ್ತೆ ಬೆಳಕು? ಅದಕ್ಕೇ ಪಕ್ಕಗಳಲ್ಲಿ ಗೋಡೆಯ ಬದಲು ಅಗಲವಾದ ಕಮಾನುಗಳನ್ನು ಬಿಟ್ಟಿದ್ದಾರೆ. ತಗ್ಗಾದ ಕಂಬ, ಅಷ್ಟಗಲದ ಕಮಾನು... ಧೈರ್ಯ ಬೇಕು ಸ್ವಾಮಿ.

ಕಟ್ಟಿದವನ ಹೆಸರು 1367ರ ಶಾಸನದಲ್ಲೇ ಇದೆ: ಇರಾನಿನ ಕಜ್ವೀನ್ ಮೂಲದ ರಫಿ. 1347ರಲ್ಲಿ ಹುಟ್ಟಿದ ಬಹಮನಿ ರಾಜ್ಯಕ್ಕೆ ಆಗಿನ್ನೂ 20 ವರ್ಷ. ಕಾರ್ಡೊಬಾ ಎಲ್ಲರ ಬಾಯಲ್ಲಿದೆ, ರಫಿಯನ್ನು ಮಾತ್ರ ಯಾರೂ ನೆನೆಯುವುದಿಲ್ಲ.