ಕುಲುಮೆ ಕಲಿಸಿದ ಪಾಠ



ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್ ಹಾಗೂ ಗಣಿತವನ್ನು ಒಂದಾಗಿ ಕಲಿಸುವ ಕ್ರಮಕ್ಕೆ ‘ಸ್ಟೆಮ್’ ಎಂದು ಹೆಸರು. ಕಲೆಯೂ ಕೂಡಿದರೆ ಅದು ‘ಸ್ಟೀಮ್’. ಶಾಲೆಗಳ ಪ್ರಕಟಣೆಗಳಲ್ಲಿ ಈ ಪದಗಳನ್ನು ನೀವು ಕಂಡಿರಬಹುದು. ಹೆಸರು ಹೊಸದಾದರೂ ಅದರ ಸಾರವನ್ನು ಅರಿಯಲು ಶಿವಮೊಗ್ಗದಿಂದ ಭದ್ರಾವತಿಯವರೆಗೆ ಹೋದರೆ ಸಾಕು.

ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು ಕನಸು ಕಂಡ ಕಬ್ಬಿಣದ ಕಾರ್ಖಾನೆಯು ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1923ರಲ್ಲಿ, ಭದ್ರಾವತಿಯಲ್ಲಿ ಉತ್ಪಾದನೆ ಆರಂಭಿಸಿತು. ಕೆಮ್ಮಣ್ಣುಗುಂಡಿಯಲ್ಲಿ ಅದಿರಿತ್ತು, ಆದರೆ ಸಮೀಪದಲ್ಲಿ ಕಲ್ಲಿದ್ದಲು ಇರಲಿಲ್ಲ. ಆದುದರಿಂದ ಮಲೆನಾಡಿನ ಮರವೇ ಇದ್ದಿಲಾಯಿತು. ಇದ್ದಿಲು ಕುಲುಮೆಗೆ ಕಾವು ಕೊಟ್ಟಿತು, ಅದಿರಿನೊಳಗಿನ ಆಮ್ಲಜನಕವನ್ನೂ ಸೆಳೆದುಕೊಂಡಿತು. ಸುಣ್ಣಕಲ್ಲು ಕಲ್ಮಶವನ್ನು ಕಿಟ್ಟವಾಗಿಸಿ ಬೇರ್ಪಡಿಸಿತು. ಮರವನ್ನು ಮುಚ್ಚಿದ ಪಾತ್ರೆಗಳಲ್ಲಿ ಕಾಯಿಸಿದ್ದರಿಂದ ಅದರ ಹೊಗೆಯೂ ವ್ಯರ್ಥವಾಗದೆ ಮೀಥೈಲ್ ಆಲ್ಕೊಹಾಲ್, ಟಾರುಗಳನ್ನು ನೀಡಿತು.

ಕಬ್ಬಿಣವನ್ನು ಎರಕ ಹೊಯ್ಯುವ ಕೆಲಸವನ್ನೂ ಗಮನಿಸಿ. ಮೊದಲು ಬಡಗಿಯು ಮರದಲ್ಲಿ ಮಾದರಿಯನ್ನು ಕಡೆಯಬೇಕು. ಕಬ್ಬಿಣ ತಣಿದಾಗ ಕುಗ್ಗುವುದರಿಂದ ಆ ಮಾದರಿ ತುಸು ದೊಡ್ಡದಾಗಿರಬೇಕು. ಎಷ್ಟು ದೊಡ್ಡದೆಂಬುದನ್ನು ಗಣಿತ ಹೇಳುತ್ತದೆ. ಕುಶಲ ಕೈಯನ್ನೂ ಲೆಕ್ಕವನ್ನೂ ಇಲ್ಲಿ ಬೇರ್ಪಡಿಸಲಾಗದು.

ಆದರೆ ಮರಕ್ಕೂ ಲೆಕ್ಕವುಂಟು. ಕಾಡು ಎಷ್ಟು ಕಾಲ ಕುಲುಮೆಯನ್ನು ಸಾಕೀತು? ಜೋಗದ ಜಲವಿದ್ಯುತ್ತನ್ನು ಬಳಸಿ 1952ರಲ್ಲಿ ವಿದ್ಯುತ್ ಕುಲುಮೆಗಳು ಬಂದವು. ‘ಹೇಗೆ ಮಾಡುವುದು’ ಎಂಬ ಪ್ರಶ್ನೆಯ ಜೊತೆಗೆ ‘ಯಾವುದನ್ನು ಕಳೆದುಕೊಂಡು ಮಾಡುತ್ತೇವೆ’ ಎಂಬುದನ್ನೂ ಕೇಳಲು ಕಲಿಸದ ಶಿಕ್ಷಣ ಅಪೂರ್ಣವೇ ಸರಿ.

ಕಾರ್ಖಾನೆಗೆ ನೂರು ತುಂಬಿದ 2023ರ ಜನವರಿಯಲ್ಲಿಯೇ ಅದನ್ನು ಮುಚ್ಚುವ ನಿರ್ಧಾರ ಹೊರಬಿದ್ದಾಗ ಕಾರ್ಮಿಕರು ಹೋರಾಟಕ್ಕಿಳಿದರು. ತಂದೆಯ ಕೆಲಸ ಮಗನಿಗೆ ದೊರೆತೇ ತೀರುವುದೆಂಬ ಭರವಸೆ ಇಂದು ಯಾವ ಮನೆಗೂ ಇಲ್ಲ. ಒಂದು ಯಂತ್ರವನ್ನಷ್ಟೇ ಬಲ್ಲವನು ಆ ಯಂತ್ರ ನಿಂತೊಡನೆ ತಾನೂ ನಿಲ್ಲುತ್ತಾನೆ. ಹಲವು ಅರಿವುಗಳನ್ನು ಜೋಡಿಸಬಲ್ಲವನು ಬೇರೊಂದು ದಾರಿಯನ್ನು ಹುಡುಕಿಕೊಳ್ಳುತ್ತಾನೆ.

ಆದ್ದರಿಂದ ಪಾಲಕರೇ, ನಿಮ್ಮ ಮಕ್ಕಳ ಶಾಲೆಯಲ್ಲಿ ದುಬಾರಿ ಸಲಕರಣೆಗಳಿಲ್ಲವೆಂದು ಕೊರಗದಿರಿ. ಶಿವಮೊಗ್ಗದ ಮಕ್ಕಳು ತುಂಗೆಯ ನೀರನ್ನು, ಭದ್ರಾವತಿಯ ಮಕ್ಕಳು ಭದ್ರೆಯ ನೀರನ್ನು ಪ್ರತಿ ತಿಂಗಳೂ ದೊಡ್ಡವರೊಡನೆ ಹೋಗಿ ತರಲಿ. ಅದನ್ನು ಬಟ್ಟೆಯಲ್ಲಿ ಸೋಸಿ, ಉಳಿದ ಕೆಸರನ್ನು ಒಣಗಿಸಿ ತೂಗಲಿ. ಅಂಕಿಗಳನ್ನು ಬರೆದಿಡಲಿ, ನದಿಯ ಚಿತ್ರ ಬಿಡಿಸಲಿ. ಮಳೆಗಾಲದಲ್ಲಿ ತೂಕ ಏಕೆ ಹೆಚ್ಚಿತೆಂದು ಅವರು ಕೇಳಿದಾಗ, ಉತ್ತರವನ್ನು ಒಡನೆ ಹೇಳಿಬಿಡಬೇಡಿ. ಅವರೊಡನೆ ನೀವೂ ಹುಡುಕಿರಿ.