ಟ್ಯಾಂಕ್ ನಂಬರ್ ಹೇಳಿ ಸಾಕು: ಸಾಲ್ಟ್ ಲೇಕಿನ ದಾರಿಗಳ ಕಥೆ

ಕೆಲಸದ ಮೇಲೆ ಕೋಲ್ಕತ್ತಾಗೆ ಬರೋ ನಮ್ಮವರು ಮತ್ತೆ ಮತ್ತೆ ಕೇಳೋ ಪ್ರಶ್ನೆ ಇದು: ಸಾಲ್ಟ್ ಲೇಕಲ್ಲಿ ಎಲ್ಲಾ ರಸ್ತೆನೂ ಒಂದೇ ಥರ ಕಾಣುತ್ತೆ, ದಾರಿ ನೆನಪಿಟ್ಟುಕೊಳ್ಳೋದು ಹೇಗೆ? ಇದಕ್ಕೆ ಉತ್ತರ ಬೇಕಂದ್ರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಯಾಕಂದ್ರೆ ಈ ಊರಿನ ನಕ್ಷೆ ಬರೆದವರು ಬೆಲ್‌ಗ್ರೇಡಿನವರು.

ದೇಶ ವಿಭಜನೆ ಆದಮೇಲೆ ಪೂರ್ವ ಬಂಗಾಳದಿಂದ ಲಕ್ಷಾಂತರ ನಿರಾಶ್ರಿತರು ಬಂದು ಕೋಲ್ಕತ್ತಾ ಕಿಕ್ಕಿರಿದಿತ್ತು. ಊರಿನ ಪೂರ್ವಕ್ಕೆ ಉಪ್ಪುನೀರಿನ ಜೌಗು, ಮೀನು ಸಾಕುವ ಕೆರೆಗಳು. ಅದನ್ನು ತುಂಬಿಸಿ ಹೊಸ ಊರು ಕಟ್ಟೋಣ ಎಂದು ಪಟ್ಟು ಹಿಡಿದವರು ಮುಖ್ಯಮಂತ್ರಿ ಬಿಧಾನ್ ಚಂದ್ರ ರಾಯ್. ಆಗ ನೆಹರೂ ಮತ್ತು ಟಿಟೋ ಅಲಿಪ್ತ ನೀತಿಯ ಜೊತೆಗಾರರು. ಕೆಲಸ ಯುಗೊಸ್ಲಾವಿಯಾದ ಕಂಪನಿಗೆ ಹೋಯಿತು. 1962ರಲ್ಲಿ ಹೂಗ್ಲಿ ನದಿಯ ಹೂಳನ್ನು ಪೈಪುಗಳಲ್ಲಿ ಹರಿಸಿ ಜೌಗಿಗೆ ತುಂಬಲು ಶುರುಮಾಡಿದರು. ಅದೇ ವರ್ಷ ಜುಲೈ 1ರಂದು, ತಮ್ಮ ಹುಟ್ಟುಹಬ್ಬದ ದಿನವೇ, ರಾಯ್ ತೀರಿಕೊಂಡರು. ಊರಿನ ಅಧಿಕೃತ ಹೆಸರು ಬಿಧಾನ್‌ನಗರ ಆಗಿದ್ದು ಅವರ ನೆನಪಿಗೆ.

ಊರಿನ ವಿನ್ಯಾಸ ಮಾಡಿದವರು ವಾಸ್ತುಶಿಲ್ಪಿ ದೊಬ್ರಿವೊಯೆ ತೊಷ್ಕೊವಿಚ್. ಅವರ ಬೆಲ್‌ಗ್ರೇಡಿನಲ್ಲೇ 1948ರಿಂದ ಸಾವಾ ನದಿಯ ಆಚೆ ದಡದ ಜೌಗನ್ನು ಮರಳಿನಿಂದ ತುಂಬಿ ನೊವಿ ಬೆಲ್‌ಗ್ರೇಡ್ ಕಟ್ಟುತ್ತಿದ್ದರು. ಇವತ್ತಿಗೂ ಅಲ್ಲಿ ಪ್ರವಾಸಕ್ಕೆ ಹೋದರೆ ಜನ ಬೀದಿ ಹೆಸರಿಗಿಂತ ಮೊದಲು ಬ್ಲಾಕ್ ನಂಬರ್ ಹೇಳ್ತಾರೆ. ನಮ್ಮ ಜಯನಗರದವರಿಗೆ ಇದೇನು ಹೊಸದಲ್ಲ ಬಿಡಿ.

ಸಾಲ್ಟ್ ಲೇಕಲ್ಲಿ ನಂಬರ್ ಬದಲು ಎರಡೆರಡು ಇಂಗ್ಲಿಷ್ ಅಕ್ಷರ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಇದೊಂದು ಮ್ಯಾಟ್ರಿಕ್ಸ್. ಮೊದಲ ಅಕ್ಷರ ಹೆಚ್ಚುಕಡಿಮೆ ಉತ್ತರದಿಂದ ದಕ್ಷಿಣಕ್ಕೆ, ಎರಡನೆಯದು ಪಶ್ಚಿಮದಿಂದ ಪೂರ್ವಕ್ಕೆ ಮುಂದೆ ಹೋಗುತ್ತೆ. ಅದಕ್ಕೇ ಎಇ ಬ್ಲಾಕ್ ಮೇಲೆ, ಎಫ್‌ಡಿ ಕೆಳಗೆ. ನಮ್ಮ ಆಫೀಸುಗಳಿರೋ ಸೆಕ್ಟರ್ ಐದರ ಡಿಎನ್, ಇಪಿ, ಜಿಪಿ ಎಲ್ಲಾ ಪೂರ್ವದ ಅಂಚಿನಲ್ಲಿ. ಇಷ್ಟು ಗೊತ್ತಿದ್ರೆ ಮೊಬೈಲ್ ಚಾರ್ಜ್ ಮುಗಿದರೂ ದಿಕ್ಕು ತಪ್ಪಲ್ಲ.

ಆದರೆ ಆಟೋದವರ ಹತ್ತಿರ ಈ ಲೆಕ್ಕ ಅಷ್ಟಾಗಿ ನಡೆಯಲ್ಲ. ಅವರ ನಕ್ಷೆಯೇ ಬೇರೆ: ನೀರಿನ ಟ್ಯಾಂಕುಗಳು. ನಾಲ್ಕನೇ ನಂಬರ್, ಎಂಟನೇ ನಂಬರ್, ಹದಿಮೂರನೇ ನಂಬರ್ ಹೀಗೆ. "ದಾದಾ, ಆಟ್ ನಂಬರ್ ಟ್ಯಾಂಕ್ ಜಾಬೇನ್?" ಅಂದ್ರೆ ಎಂಟನೇ ಟ್ಯಾಂಕಿಗೆ ಬರ್ತೀರಾ ಅಂತ. ಇಲ್ಲಿನ ಆಟೋಗಳು ಹೆಚ್ಚಿನವು ಶೇರ್ ಆಟೋ. ಉಲ್ಟಾಡಾಂಗಾ, ಕರುಣಾಮಯಿ, ಕಾಲೇಜ್ ಮೋಡ್ ಹೀಗೆ ಗೊತ್ತಾದ ರೂಟಿನಲ್ಲೇ ಓಡಾಡ್ತವೆ. ಮನೆ ಬಾಗಿಲಿಗೆ ಬರಲಿ ಅಂತ ಕಾಯಬೇಡಿ. ಚಿಲ್ಲರೆಗೆ ಇಲ್ಲಿ 'ಖುಚ್ರೋ' ಅಂತಾರೆ, ಜೇಬಲ್ಲಿರಲಿ. ಹೌರಾದಲ್ಲಿ ರೈಲು ಇಳಿದವರಿಗೆ ಈಗ ಇನ್ನೂ ಸುಲಭ. 2020ರಲ್ಲಿ ಸೆಕ್ಟರ್ ಐದರಿಂದ ಸ್ಟೇಡಿಯಂವರೆಗೆ ಮಾತ್ರ ಇದ್ದ ಮೆಟ್ರೋ, 2025ರ ಆಗಸ್ಟಿನಿಂದ ಹೂಗ್ಲಿ ನದಿಯ ಕೆಳಗೆ ಹಾದು ಹೌರಾ ಮೈದಾನದವರೆಗೂ ನೇರ ಹೋಗುತ್ತೆ.

ಟ್ಯಾಂಕ್ ಅನ್ನೋ ಪದವನ್ನೇ ನೋಡಿ. ಬ್ರಿಟಿಷರು ನಮ್ಮ ಕೆರೆಗೂ ಅದನ್ನೇ ಬರೆದರು. ಬೆಂಗಳೂರಿನ ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣ ಆಯ್ತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣ ಆಯ್ತು. ಇಲ್ಲೂ ಜೌಗಿನ ಮೇಲೆ 1984ರಲ್ಲಿ ದೊಡ್ಡ ಸ್ಟೇಡಿಯಂ ಎದ್ದಿತು. ಇಲ್ಲಿ ಮೀನು ಸಾಕಿ ಬದುಕುತ್ತಿದ್ದವರ ಹೆಸರು ಯಾವ ಬ್ಲಾಕಿಗೂ ಇಲ್ಲ.

ಪೂರ್ತಿ ಕೆರೆ ಹೋಗಲಿಲ್ಲ ಅನ್ನೋದೇ ಸಮಾಧಾನ. ಕೋಲ್ಕತ್ತಾದ ನೆಲ ನದಿಯ ಕಡೆಗಲ್ಲ, ಪೂರ್ವಕ್ಕೆ ಇಳಿಜಾರು. ಊರಿನ ಕೊಳಚೆ ನೀರು ಆ ಕಡೆ ಹರಿಯುತ್ತೆ. 1980ರ ದಶಕದಲ್ಲಿ ಧ್ರುವಜ್ಯೋತಿ ಘೋಷ್ ಎಂಬ ಸರ್ಕಾರಿ ಎಂಜಿನಿಯರ್, ಈ ನೀರು ಏನಾಗುತ್ತೆ ಅಂತ ಅದರ ಹಿಂದೆಯೇ ಹೋದರು. ಮೀನುಗಾರರು ಅದನ್ನು 'ಭೇರಿ' ಅನ್ನೋ ಆಳವಿಲ್ಲದ ಕೆರೆಗಳಿಗೆ ಬಿಟ್ಟು, ಬಿಸಿಲು ಪಾಚಿಯಿಂದಲೇ ಶುದ್ಧ ಮಾಡಿ ಮೀನು ಬೆಳೆಸ್ತಿದ್ದರು. ದೊಡ್ಡ ಶುದ್ಧೀಕರಣ ಘಟಕ ಮಾಡಬೇಕಾದ ಕೆಲಸವನ್ನು ಅಕ್ಷರ ಬರದವರೂ ಮಾಡ್ತಿದ್ದರು. ಘೋಷ್ ಅದನ್ನು ಉಳಿಸೋಕೆ ಕೊನೆವರೆಗೂ ಓಡಾಡಿದರು. 2002ರಲ್ಲಿ ಸುಮಾರು 12,500 ಹೆಕ್ಟೇರ್ ಜೌಗು ರಾಮ್ಸಾರ್ ಪಟ್ಟಿಗೆ ಸೇರಿತು. ಅದರ ಅಂಚಿಗೆ ಈಗಲೂ ಕಟ್ಟಡಗಳ ಕಣ್ಣಿದೆ. ನಾವು ಕೂತು ಕೆಲಸ ಮಾಡೋ ಸೆಕ್ಟರ್ ಐದೇ ಆ ಅಂಚಿನಲ್ಲಿದೆ.

ಹಾಗಾಗಿ ಹೊಸದಾಗಿ ಬಂದವರಿಗೆ ನಾನು ಹೇಳೋದು ಇಷ್ಟೇ: ಮೊದಲ ರಜೆಯಲ್ಲಿ ಮಾಲ್ ಬದಲು ಸೆಕ್ಟರ್ ಐದರ ಪಕ್ಕದ ನಲಬನ್‌ಗೆ ಹೋಗಿ. ಅದೂ ಒಂದು ಭೇರಿಯೇ. ಆ ನೀರು ನೋಡಿದ ಮೇಲೆ ನಿಮ್ಮ ಬ್ಲಾಕಿನ ಎರಡಕ್ಷರ ಯಾವುದರ ಮೇಲೆ ಬರೆದದ್ದು ಅಂತ ಮರೆಯಲ್ಲ. ಮುಂದಿನ ವಿಡಿಯೋದಲ್ಲಿ ಸಿಗೋಣ.