ಮಗಳು ಮಗನಾಗಬೇಕಾಗಿ ಬಂದ ಚರಿತ್ರೆ



ಮಾಘ ಮಾಸದ ಭಾರತ ಹುಣ್ಣಿಮೆ ಸಮೀಪಿಸಿತೆಂದರೆ ಅಥಣಿ, ರಾಯಬಾಗ, ಚಿಕ್ಕೋಡಿಗಳ ದಾರಿಗಳು 'ಉಧೋ ಉಧೋ' ಎಂಬ ಘೋಷದಿಂದ ತುಂಬಿಹೋಗುವುದನ್ನು ನೀವೆಲ್ಲರೂ ಬಲ್ಲಿರಿ. ಹಿಂದೆ ಚಕ್ಕಡಿಗಳ ಸಾಲು ಹೊರಡುತ್ತಿತ್ತು. ಈಗ ಟ್ರ್ಯಾಕ್ಟರು, ಟ್ರಕ್ಕುಗಳು ಹೊರಡುತ್ತವೆ. ಸವದತ್ತಿಯ ಗುಡ್ಡಕ್ಕೆ ಹೋಗಲಾಗದವರು ಅಥಣಿ ತಾಲ್ಲೂಕಿನ ಕೊಕಟನೂರಿನ ಯಲ್ಲಮ್ಮನ ಜಾತ್ರೆಗೆ ಹೋಗುತ್ತಾರೆ. ಭಂಡಾರವನ್ನು ಹಣೆಗೆ ಹಚ್ಚಿಕೊಂಡು ಬರುವ ಆ ಜನರ ಭಕ್ತಿಯನ್ನು ಹಗುರಾಗಿ ಕಾಣುವ ಅಧಿಕಾರ ಯಾರಿಗೂ ಇಲ್ಲ. ಆದರೆ ಆ ಭಕ್ತಿಯ ನೆರಳಿನಲ್ಲಿ ಶತಮಾನಗಳ ಕಾಲ ನಡೆದುಬಂದ ಒಂದು ಆಚರಣೆಯನ್ನು ಕುರಿತು ನಾವು ಇಂದು ನಿಮ್ಮೊಡನೆ ಮಾತನಾಡಬೇಕಾಗಿದೆ. ಹೆಣ್ಣುಮಗಳಿಗೆ ಮುತ್ತು ಕಟ್ಟಿ ದೇವರಿಗೆ ಬಿಡುವ ಪದ್ಧತಿಯೇ ಅದು. ಇದು ಮುಗಿದ ಕಥೆಯಲ್ಲವೇ, ಮಠದ ಪತ್ರಿಕೆಯಲ್ಲಿ ಇದೇಕೆ ಎಂದು ಕೇಳುವವರಿದ್ದಾರೆ. ಕೊನೆಯವರೆಗೆ ಓದಿರಿ; ಈ ಕಥೆ ನಮ್ಮ ನಿಮ್ಮ ಮನೆಯ ಬಾಗಿಲಿಗೇ ಬಂದು ನಿಲ್ಲುತ್ತದೆ.

ಮೊದಲು ಚರಿತ್ರೆಯನ್ನು ನೋಡೋಣ. ಮಧ್ಯಯುಗದ ಕನ್ನಡ ಶಾಸನಗಳಲ್ಲಿ ದೇವಾಲಯದ ಪರಿವಾರದವರ ನಡುವೆ 'ಪಾತ್ರ' ಮತ್ತು 'ಸೂಳೆ' ಎಂಬ ಹೆಸರಿನ ಸ್ತ್ರೀಯರು ಕಾಣಿಸಿಕೊಳ್ಳುತ್ತಾರೆ. ದೇವರ ಮುಂದೆ ಹಾಡುವುದು, ಕುಣಿಯುವುದು, ಚಾಮರ ಬೀಸುವುದು ಅವರ ಸೇವೆ. ಆ ಸೇವೆಗಾಗಿ ಅವರಿಗೆ ಭೂಮಿಯನ್ನೂ ನಿವೇಶನವನ್ನೂ ಬಿಟ್ಟುಕೊಟ್ಟ ಉಲ್ಲೇಖಗಳಿವೆ. ಅವರೇ ದಾನ ನೀಡಿದ ಉಲ್ಲೇಖಗಳೂ ಇವೆ. ಆದುದರಿಂದ ಅಂದಿನ ದೇವಾಲಯದ ಸೇವಕಿಯನ್ನೂ ಇತ್ತೀಚಿನ ಶತಮಾನಗಳ ಜೋಗತಿಯನ್ನೂ ಒಂದೇ ಎಂದು ಎಣಿಸುವುದು ಸರಿಯಲ್ಲ. ನಮ್ಮ ಕೃಷ್ಣಾತೀರದಲ್ಲಿ ಉಳಿದುಬಂದ ರೂಢಿಯಲ್ಲಿ ಭೂಮಿ ಇರಲಿಲ್ಲ, ಸಂಗೀತದ ಗೌರವವೂ ಇರಲಿಲ್ಲ. ಬಹುಪಾಲು ದಲಿತ ಕೇರಿಗಳ ಬಡ ಮನೆತನಗಳ ಹುಡುಗಿಯರು, ಬುದ್ಧಿ ತಿಳಿಯುವ ಮೊದಲೇ, ಕೊರಳಿಗೆ ಮುತ್ತು ಕಟ್ಟಿಸಿಕೊಂಡು, ಪಡಲಿಗೆ ಹಿಡಿದು ಜೋಗ ಬೇಡಲು ಹೊರಟರು. ಹೊಸ್ತಿಲ ಹುಣ್ಣಿಮೆಗೆ ದೇವಿಯೊಡನೆ ವಿಧವೆಯಾಗಿ ಬಳೆ ಒಡೆಯುವುದು, ಭಾರತ ಹುಣ್ಣಿಮೆಗೆ ದೇವಿಯೊಡನೆ ಮುತ್ತೈದೆಯಾಗಿ ಬಳೆ ತೊಡುವುದು ಅವರ ಪಾಲಿಗೆ ಬಂದ ವ್ರತ. ಲೋಕವು ಅವಳನ್ನು ನಿತ್ಯ ಮುತ್ತೈದೆ ಎಂದು ಕರೆಯಿತು. ಮದುವೆಗೆ ಕರೆದು ಮಂಗಳಕಾರ್ಯ ಮಾಡಿಸಿತು. ಆದರೆ ಅವಳ ಮದುವೆಗೆ ಮಾತ್ರ ಯಾರೂ ಚಪ್ಪರ ಹಾಕಲಿಲ್ಲ.

ಹೆತ್ತವರು ಹೀಗೇಕೆ ಮಾಡಿದರು? ಅವರಿಗೆ ಕರುಳಿರಲಿಲ್ಲವೆಂದು ಹೇಳಿ ಮುಗಿಸುವುದು ಸುಲಭ, ಆದರೆ ಸತ್ಯವಲ್ಲ. ರೋಗ ಬಂದಾಗ ಹೊತ್ತ ಹರಕೆ, ತಲೆಯಲ್ಲಿ ಕಾಣಿಸಿದ ಜಟೆಯನ್ನು ದೇವಿಯ ಕರೆಯೆಂದು ನಂಬಿದ ಭಯ, ಬಡತನ ಇವೆಲ್ಲವೂ ಕಾರಣಗಳೇ. ಇವುಗಳ ಜೊತೆಗೆ ಇನ್ನೊಂದು ಕಾರಣವಿದೆ; ಅದನ್ನು ನಾವು ಸಾಕಷ್ಟು ಗಮನಿಸಿಲ್ಲ. ಗಂಡುಮಕ್ಕಳಿಲ್ಲದ ಮನೆಯಲ್ಲಿ ಒಬ್ಬ ಮಗಳನ್ನು ದೇವರಿಗೆ ಬಿಟ್ಟರೆ ಅವಳು ಮನೆಯಲ್ಲಿಯೇ ಉಳಿಯುತ್ತಿದ್ದಳು. ರೂಢಿಯ ಪ್ರಕಾರ ಅವಳು ಮಗನ ಸ್ಥಾನವನ್ನು ಪಡೆಯುತ್ತಿದ್ದಳು. ತಂದೆತಾಯಿಗಳನ್ನು ಮುಪ್ಪಿನಲ್ಲಿ ಸಾಕುವುದು, ಅವರ ಅಂತ್ಯಕ್ರಿಯೆ ಮಾಡುವುದು, ಮನೆಯ ಹೆಸರನ್ನು ಮುಂದುವರಿಸುವುದು, ಇದ್ದರೆ ತುಂಡು ಹೊಲಕ್ಕೆ ವಾರಸುದಾರಳಾಗುವುದು ಅವಳದಾಗುತ್ತಿತ್ತು. ಬಳ್ಳಾರಿಯ ಕಡೆ ಬಸವಿ ಎಂದು ಕರೆಯುವ ಪದ್ಧತಿಯ ತಿರುಳೂ ಇದೇ.

ಇದರ ಅರ್ಥವನ್ನು ವಿಚಾರಿಸಿರಿ. ಮಿತಾಕ್ಷರದ ಅವಿಭಕ್ತ ಕುಟುಂಬದಲ್ಲಿ ಮಗನಾದವನಿಗೆ ಹುಟ್ಟಿನಿಂದಲೇ ಹಕ್ಕು. ಗಂಡು ಸಂತಾನವಿಲ್ಲದೆ ತಂದೆ ತೀರಿದರೆ ಅವನ ಪಾಲು ಅವನ ಅಣ್ಣತಮ್ಮಂದಿರಿಗೆ ಸೇರುತ್ತಿತ್ತು. ಮಗಳು ಮದುವೆಯಾಗಿ ಪರರ ಮನೆಯ ದೀಪವಾಗುತ್ತಿದ್ದಳು. ಮಗಳು ಮಗಳಾಗಿಯೇ ಇದ್ದು ವಾರಸುದಾರಳಾಗುವ ಹಾದಿಯನ್ನು ಸಮಾಜವು ಮುಚ್ಚಿತ್ತು. ಅವಳು ಮಗನಾಗಬೇಕಾಗಿತ್ತು. ಮಗನಾಗಲು ಅವಳು ತೆರಬೇಕಾದ ಬೆಲೆ ಅವಳ ದೇಹ, ಅವಳ ದಾಂಪತ್ಯ, ಅವಳ ಮಕ್ಕಳ ತಂದೆಯ ಹೆಸರು. ಧರ್ಮದ ಹೆಸರಿನಲ್ಲಿ ನಡೆದ ಈ ಆಚರಣೆಯ ಬೇರು ಆಸ್ತಿಯ ನ್ಯಾಯದಲ್ಲಿಯೂ ಇತ್ತು. ಹಕ್ಕನ್ನು ನಿರಾಕರಿಸಿದ ಸಮಾಜವೇ ಹಕ್ಕಿಗೆ ಇಂತಹ ಕಳ್ಳದಾರಿಯೊಂದನ್ನು ತೋರಿಸಿತು.

ಆಂಗ್ಲರ ನ್ಯಾಯಾಲಯಗಳು ಬಂದ ಮೇಲೆ ಆ ಕಳ್ಳದಾರಿಯೂ ಇಕ್ಕಟ್ಟಾಯಿತು. 1880ರಲ್ಲಿ ಮುಂಬಯಿ ಹೈಕೋರ್ಟು ನಾಯಕಿಣಿಯರ ದತ್ತಕವನ್ನು ಕಾನೂನು ಮನ್ನಿಸದೆಂದು ತೀರ್ಪು ನೀಡಿತು. ಹೆಣ್ಣಿನಿಂದ ಹೆಣ್ಣಿಗೆ ಸಾಗುತ್ತಿದ್ದ ವಾರಸುದಾರಿಕೆಯನ್ನು ಅನೀತಿಯೆಂದು ತಳ್ಳಿಹಾಕಲಾಯಿತು; ಆದರೆ ಅವಳನ್ನು ಆ ಬಾಳಿಗೆ ನೂಕಿದ ವ್ಯವಸ್ಥೆಗೆ ಅದರಿಂದ ಧಕ್ಕೆಯಾಗಲಿಲ್ಲ. ಹೀಗೆ ಹಕ್ಕು ಹೋಯಿತು, ಮುತ್ತು ಉಳಿಯಿತು.

ನಮ್ಮ ಸೀಮೆಯ ಇತಿಹಾಸದಲ್ಲಿ ಒಂದು ವೈಶಿಷ್ಟ್ಯವಿದೆ. ಅಥಣಿ, ಚಿಕ್ಕೋಡಿಗಳು ಮುಂಬಯಿ ಪ್ರಾಂತದ ಬೆಳಗಾವಿ ಜಿಲ್ಲೆಯಲ್ಲಿದ್ದರೆ, ರಾಯಬಾಗವು ಕೊಲ್ಲಾಪುರ ಸಂಸ್ಥಾನದಲ್ಲಿತ್ತು. 1894ರಿಂದ 1922ರವರೆಗೆ ಆಳಿದ ಶಾಹೂ ಮಹಾರಾಜರು 1917ರಲ್ಲಿ ವಿಧವಾ ವಿವಾಹಕ್ಕೆ ಕಾನೂನಿನ ಮನ್ನಣೆಯಿತ್ತರು. 1920ರಲ್ಲಿ ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವ ರೂಢಿಯನ್ನು ತಡೆಯುವ ಕಾಯಿದೆ ಮಾಡಿದರು. ಮುಂಬಯಿ ಪ್ರಾಂತದಲ್ಲಿ ಅಂತಹ ಕಾಯಿದೆ ಬಂದದ್ದು 1934ರಲ್ಲಿ. ಮುತ್ತು ಕಟ್ಟುವುದು ಅಪರಾಧವೆಂದೂ, ಮುತ್ತು ಕಟ್ಟಿಸಿಕೊಂಡವಳು ಮದುವೆಯಾದರೆ ಆ ಮದುವೆ ಸಿಂಧುವೆಂದೂ ಅದು ಸಾರಿತು. ಆದುದರಿಂದ ಹಲವು ವರ್ಷಗಳ ಕಾಲ ಗಡಿಯ ಈಚೆಗೆ ನಿಷಿದ್ಧವಾದದ್ದು ಆಚೆಗೆ ನಡೆಯಬಹುದಾಗಿತ್ತು. ಕಾಯಿದೆಗೆ ಗಡಿಯಿತ್ತು, ರೂಢಿಗೆ ಗಡಿಯಿರಲಿಲ್ಲ. 1949ರಲ್ಲಿ ಕೊಲ್ಲಾಪುರವು ಮುಂಬಯಿ ಪ್ರಾಂತದಲ್ಲಿ ವಿಲೀನವಾಗಿ, 1956ರಲ್ಲಿ ಈ ಭಾಗವೆಲ್ಲ ಕನ್ನಡ ನಾಡಿಗೆ ಸೇರಿತು.

ಈ ನಡುವೆ 1925ರ ಏಪ್ರಿಲಿನಲ್ಲಿ ನಿಪ್ಪಾಣಿಯಲ್ಲಿ ಡಾ. ಬಾಬಾಸಾಹೇಬ ಅಂಬೇಡ್ಕರರ ಅಧ್ಯಕ್ಷತೆಯಲ್ಲಿ ದಲಿತ ವರ್ಗಗಳ ಸಮ್ಮೇಳನ ನಡೆಯಿತು. 1936ರ ಜೂನಿನಲ್ಲಿ ಅವರು ಮುಂಬಯಿಯಲ್ಲಿ ದೇವದಾಸಿಯರನ್ನೂ ಜೋಗತಿಯರನ್ನೂ ಸೇರಿಸಿ, ಈ ಬಾಳನ್ನು ಬಿಟ್ಟು ಹೊರಬರಬೇಕೆಂದು ಕರೆಕೊಟ್ಟರು. ನಮ್ಮ ಹಳ್ಳಿಗಳಿಂದ ಮುಂಬಯಿಯ ಕಾಮಾಠಿಪುರದವರೆಗೆ ಹರಿದ ಕಣ್ಣೀರಿನ ಹೊಳೆಯನ್ನು ಅವರು ಕಂಡಿದ್ದರು. ನಮ್ಮಲ್ಲಿ ಎಷ್ಟು ಜನ ಕಂಡಿದ್ದೆವು?

ಕರ್ನಾಟಕ ಸರ್ಕಾರವು 1982ರಲ್ಲಿ ದೇವದಾಸಿ ಸಮರ್ಪಣೆ ನಿಷೇಧ ಕಾಯಿದೆಯನ್ನು ರೂಪಿಸಿತು. ಅದು 1984ರಿಂದ ಜಾರಿಗೆ ಬಂದಿತು. ಸಮರ್ಪಣೆ ಮಾಡಿದವರಿಗೆ ಮೂರು ವರ್ಷಗಳವರೆಗೆ ಸೆರೆವಾಸ. ತಂದೆತಾಯಿ, ಪೋಷಕ ಅಥವಾ ಬಂಧುವೇ ಮಾಡಿದರೆ ಎರಡರಿಂದ ಐದು ವರ್ಷ. ದಂಡನೆಯ ದೃಷ್ಟಿಯೆಲ್ಲ ಮುತ್ತು ಕಟ್ಟುವ ಸಮಾರಂಭದ ಮೇಲೆ ನೆಟ್ಟಿತ್ತು. ಮುಂದೆ ಅವಳನ್ನು ಇಟ್ಟುಕೊಳ್ಳುವವನ ಕಡೆಗೆ ಅದು ತಿರುಗಲಿಲ್ಲ. ಸಮಾರಂಭವು ಗುಡ್ಡದಿಂದ ಮನೆಯ ಒಳಕೋಣೆಗೆ ಸರಿಯಿತು. ರಾಜ್ಯದ ಮಹಿಳಾ ಅಭಿವೃದ್ಧಿ ನಿಗಮವು 1993-94 ಮತ್ತು 2007-08ರಲ್ಲಿ ನಡೆಸಿದ ಎರಡು ಗಣತಿಗಳಲ್ಲಿ ಒಟ್ಟು 46,660 ದೇವದಾಸಿಯರು ಲೆಕ್ಕಕ್ಕೆ ಸಿಕ್ಕರು.

ಈಗ ನಮ್ಮ ಧರ್ಮದ ಮಾತಿಗೆ ಬರೋಣ. ಹನ್ನೆರಡನೆಯ ಶತಮಾನದಲ್ಲಿ ಬಸವಾದಿ ಶರಣರು ಸ್ತ್ರೀಗೆ ಇಷ್ಟಲಿಂಗವನ್ನು ಕೊಟ್ಟರು. ಪಂಚಸೂತಕಗಳನ್ನು ಅಲ್ಲಗಳೆದು, ರಜಸ್ಸಿನ ಕಾರಣದಿಂದ ಅವಳು ಪೂಜೆಗೆ ಅನರ್ಹಳೆಂಬ ಮಾತನ್ನು ಕಿತ್ತೊಗೆದರು. ಅಕ್ಕ ನಾಗಮ್ಮನಿಗಿಲ್ಲದ ಉಪನಯನ ತನಗೂ ಬೇಡವೆಂದು ಬಸವಣ್ಣನವರು ಮನೆ ಬಿಟ್ಟರೆಂದು ಪರಂಪರೆ ಹೇಳುತ್ತದೆ. ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದ ಗಂಡನನ್ನು ತಿದ್ದಿದವಳು ಆಯ್ದಕ್ಕಿ ಲಕ್ಕಮ್ಮ. ನಿರ್ಲಜ್ಜೇಶ್ವರ ಎಂಬ ಅಂಕಿತದಲ್ಲಿ ಬರೆದ ಸೂಳೆ ಸಂಕವ್ವೆಯ ಒಂದೇ ಒಂದು ವಚನ ನಮಗೆ ಉಳಿದಿದೆ. ಅವಳ ಪೂರ್ವವೃತ್ತಿ ಅವಳ ಹೆಸರಿನಲ್ಲಿಯೇ ಇದೆ. ಶರಣರ ಸಂಗದಲ್ಲಿ ಅದು ಅಡ್ಡಿಯಾಗಲಿಲ್ಲ, ಅವಳು ವಚನಕಾರ್ತಿಯಾದಳು.

ಇದನ್ನು ನಾವು ವೇದಿಕೆಯ ಮೇಲೆ ನಿಂತು ಅಭಿಮಾನದಿಂದ ಹೇಳುತ್ತೇವೆ. ಹೇಳುವುದು ಯೋಗ್ಯವೇ. ಆದರೆ ಆತ್ಮಶೋಧನೆಯಿಲ್ಲದ ಅಭಿಮಾನ ಬರಿಯ ಡಂಗುರ. ಮುತ್ತು ಕಟ್ಟಿದ ಹುಡುಗಿ ಕೇರಿಯವಳಾಗಿದ್ದಳು. ಅವಳನ್ನು ಇಟ್ಟುಕೊಂಡವನು ಯಾರು? ಹೊಲವುಳ್ಳವನು, ಧಾನ್ಯವುಳ್ಳವನು, ಊರಿನ ಗೌಡಿಕೆಯುಳ್ಳವನು. ಅಂತಹವರಲ್ಲಿ ವಿಭೂತಿ ಧರಿಸಿ ಲಿಂಗ ಕಟ್ಟಿದವರೂ ಇದ್ದರು. ಅವರು ಮಠಕ್ಕೆ ಬಂದರು, ಪಾದೋದಕ ಪಡೆದರು, ದಾಸೋಹಕ್ಕೆ ಜೋಳದ ಚೀಲ ಕಳಿಸಿದರು. ಮಠಗಳು ಜೋಗತಿಯನ್ನು ದಾಸೋಹದ ಪಂಕ್ತಿಯ ಹೊರಗೆ ಕೂರಿಸಿದ್ದುಂಟು. ಅವಳನ್ನು ಇಟ್ಟುಕೊಂಡವನನ್ನು ಪಂಕ್ತಿಯಿಂದ ಎಬ್ಬಿಸಿದ್ದನ್ನು ನಾವು ಕೇಳಿಲ್ಲ. ಇದು ನಮ್ಮ ಋಣ. ಬರೆದು ತೀರುವಂಥದಲ್ಲ, ಆದರೂ ಬರೆಯದೆ ಇರಲಾಗದು.

ಬಿಡುಗಡೆ ಬಹಳಮಟ್ಟಿಗೆ ಆ ಸ್ತ್ರೀಯರ ಕೈಯಿಂದಲೇ ಬಂದಿತು. 1980ರ ಸುಮಾರಿಗೆ ನಿಪ್ಪಾಣಿಯ ತಂಬಾಕು ವಖಾರಗಳಲ್ಲಿ ಧೂಳು ಕುಡಿದು ದುಡಿಯುತ್ತಿದ್ದ ಸಹಸ್ರಾರು ಸ್ತ್ರೀಯರು ಸಂಘ ಕಟ್ಟಿ ಕೂಲಿಯ ನ್ಯಾಯಕ್ಕಾಗಿ ನಿಂತರು; ಅವರ ಹೋರಾಟವನ್ನು ಯುಗಾಂತರ ಎಂಬ ಸ್ತ್ರೀಯರ ಚಿತ್ರತಂಡವು 1982ರಲ್ಲಿ ಚಲನಚಿತ್ರವಾಗಿಸಿತು. ಕಾಯಕದಿಂದ ಬಂದ ಕಾಸು ಹೆಣ್ಣಿನ ಕೈಯಲ್ಲಿ ಉಳಿದರೆ ಅವಳ ಮಾತಿಗೆ ತೂಕ ಬರುವುದೆಂಬುದನ್ನು ನಿಪ್ಪಾಣಿ ತೋರಿಸಿತು. ಅಥಣಿಯಲ್ಲಿ ವಿಮೋಚನಾ ಸಂಘವು ದೇವದಾಸಿಯರ ಮಕ್ಕಳಿಗೆ ವಸತಿಶಾಲೆ ತೆರೆಯಿತು. ಘಟಪ್ರಭೆಯಲ್ಲಿ 1997ರಲ್ಲಿ ಮಾಜಿ ದೇವದಾಸಿಯರು ತಮ್ಮದೇ ಆದ ಸಂಸ್ಥೆಯನ್ನು ಕಟ್ಟಿಕೊಂಡರು. ಅದನ್ನು ಮುನ್ನಡೆಸಿದ ಸೀತವ್ವ ಜೋಡಟ್ಟಿಯವರು ಚಿಕ್ಕೋಡಿ ತಾಲ್ಲೂಕಿನವರು. ಏಳನೆಯ ವಯಸ್ಸಿನಲ್ಲಿ ಮುತ್ತು ಕಟ್ಟಿಸಿಕೊಂಡವರು. 2018ರಲ್ಲಿ ರಾಷ್ಟ್ರವು ಅವರಿಗೆ ಪದ್ಮಶ್ರೀ ನೀಡಿತು. 2025ರಲ್ಲಿ ದೇವದಾಸಿಯರ ಮಕ್ಕಳ ಹಕ್ಕುಗಳನ್ನೂ ಒಳಗೊಂಡ ಹೊಸ ಮಸೂದೆಯೊಂದು ರಾಜ್ಯದ ವಿಧಾನಮಂಡಲದ ಮುಂದೆ ಬಂದಿತು. ತಂದೆಯ ಹೆಸರಿನ ಪ್ರಶ್ನೆ ಕಡೆಗೂ ಸಭೆಯಲ್ಲಿ ಎದ್ದು ನಿಂತಿತು.

ವಾಚಕರೇ, ಕಥೆ ನಮ್ಮ ಬಾಗಿಲಿಗೆ ಬರುತ್ತದೆಂದು ಮೊದಲಿಗೇ ಹೇಳಿದ್ದೆವು. ಈಗ ಬಂದಿದೆ. ಮಗಳು ಮಗನಾಗದೆ ಮಗಳಾಗಿಯೇ ವಾರಸುದಾರಳಾಗುವ ಹಾದಿಯನ್ನು ಕಾನೂನು ತೆರೆದಿದೆ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಮೊದಲ ಹೆಜ್ಜೆ. 1994ರಲ್ಲಿ ಕರ್ನಾಟಕವು ತಿದ್ದುಪಡಿ ತಂದು ಅವಿವಾಹಿತ ಮಗಳಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನ ಹಕ್ಕು ನೀಡಿತು. 2005ರಲ್ಲಿ ಕೇಂದ್ರದ ತಿದ್ದುಪಡಿ ವಿವಾಹಿತೆ, ಅವಿವಾಹಿತೆ ಎಂಬ ಭೇದವನ್ನು ತೊಡೆದುಹಾಕಿತು. ತಂದೆ 2005ಕ್ಕಿಂತ ಮೊದಲೇ ತೀರಿಕೊಂಡಿದ್ದರೂ ಮಗಳ ಹುಟ್ಟಿನ ಹಕ್ಕಿಗೆ ಅದರಿಂದ ಚ್ಯುತಿಯಿಲ್ಲವೆಂದು 2020ರಲ್ಲಿ ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿತು.

ಆದರೆ ನಮ್ಮ ಊರುಗಳಲ್ಲಿ ನಡೆಯುತ್ತಿರುವುದೇನು? ಉಪನೋಂದಣಾಧಿಕಾರಿಗಳ ಕಚೇರಿಯ ಮುಂದೆ ಅಣ್ಣತಮ್ಮಂದಿರ ಜೊತೆಗೆ ಬಂದು ಕುಳಿತ ಹೆಣ್ಣುಮಕ್ಕಳನ್ನು ನೋಡಿರಿ. ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಮಾಡಿ ಒಂದು ಸೀರೆ ಪಡೆದು ಹಿಂದಿರುಗುತ್ತಾರೆ. ಸಹಿ ಮಾಡದಿದ್ದರೆ ತವರಿನ ಬಾಗಿಲು ಮುಚ್ಚುತ್ತದೆ. ಪಂಚಮಿಗೆ ಕರೆಯಲು ಯಾರೂ ಬರುವುದಿಲ್ಲ. ಹಿಂದೆ ಹಕ್ಕಿಗಾಗಿ ಮಗಳು ದಾಂಪತ್ಯವನ್ನು ಬಿಡಬೇಕಾಗಿತ್ತು. ಈಗ ತವರಿಗಾಗಿ ಹಕ್ಕನ್ನು ಬಿಡಬೇಕಾಗಿದೆ. ಎರಡರಲ್ಲಿಯೂ ಬಿಡುವವಳು ಅವಳೇ.

ನಮ್ಮ ತಪ್ಪೊಂದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಒಂದು ಭಕ್ತ ಮನೆತನದ ಪಾಲುಪಟ್ಟಿಯ ಪಂಚಾಯತಿಗೆ ನಮ್ಮನ್ನು ಕೂರಿಸಿದ್ದರು. ಸಹೋದರಿಯೊಬ್ಬಳು ತನ್ನ ಪಾಲು ಬೇಕೆಂದಳು. ಅವಳ ಗಂಡ ತೀರಿಹೋಗಿದ್ದ, ಎರಡು ಮಕ್ಕಳಿದ್ದುವು. ಮನೆತನ ಒಡೆಯಬಾರದೆಂಬ ಒಳ್ಳೆಯ ಮಾತನ್ನು ಮುಂದೆ ಮಾಡಿ, ಸಹಿ ಮಾಡು ತಾಯಿ ಎಂದು ನಾವೇ ಹೇಳಿದೆವು. ಅವಳು ನಮ್ಮ ಮುಖವನ್ನೊಮ್ಮೆ ನೋಡಿ, ನಮಸ್ಕರಿಸಿ, ಸಹಿ ಮಾಡಿದಳು. ಅಂದು ಅವಳು ಮಣಿದದ್ದು ನ್ಯಾಯಕ್ಕಲ್ಲ, ಕಾವಿಗೆ. ಕಾನೂನು ಕೊಟ್ಟದ್ದನ್ನು ಕಾವಿ ಕಸಿದುಕೊಂಡಿತು. ಸ್ತ್ರೀಗೆ ಲಿಂಗ ಕಟ್ಟಿದ ಧರ್ಮದ ಹೆಸರಿನಲ್ಲಿ ನಾವು ಇದನ್ನು ಮಾಡಿದೆವು.

ಆ ದಿನದಿಂದ ನಾವು ಒಂದು ನೇಮ ಮಾಡಿಕೊಂಡಿದ್ದೇವೆ. ಹೆಣ್ಣುಮಕ್ಕಳ ಪಾಲನ್ನು ಮೊದಲು ಬರೆಯದ ಯಾವ ಪಂಚಾಯತಿಯಲ್ಲಿಯೂ ನಾವು ಕೂರುವುದಿಲ್ಲ. ನಿಮ್ಮಲ್ಲಿ ಹಿರಿಯರಾದವರು, ಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿ ಇಂದು ವಕೀಲರೂ ಶಿಕ್ಷಕರೂ ಅಧಿಕಾರಿಗಳೂ ಆಗಿರುವವರು ಇದೇ ನೇಮವನ್ನು ತೊಡಬೇಕೆಂದು ನಮ್ಮ ಅಪೇಕ್ಷೆ. ಮಗಳು ತನ್ನ ಪಾಲನ್ನು ಪಡೆದು, ಆಮೇಲೆ ತನ್ನ ಇಷ್ಟದಿಂದ ಅಣ್ಣನಿಗೆ ಕೊಟ್ಟರೆ ಅದು ದಾನ. ಅವಳ ಕೈಗೆ ಬಾರದ ಮೊದಲೇ ಬಿಡಿಸಿಕೊಂಡರೆ ಅದಕ್ಕೆ ಬೇರೆ ಹೆಸರಿದೆ, ನೀವು ಬಲ್ಲಿರಿ.

ಮುಂದಿನ ಭಾರತ ಹುಣ್ಣಿಮೆಗೆ ಗುಡ್ಡಕ್ಕೆ ಹೋಗುವ ದಾರಿ ನಿಮ್ಮ ಊರಿನ ಮುಂದೆ ಮತ್ತೆ ತುಂಬುತ್ತದೆ. ಬಾಗಿಲಿಗೆ ಬಂದ ಮುದುಕಿಯ ಪಡಲಿಗೆಗೆ ಜೋಳ ಹಾಕುವಾಗ ಒಂದು ಕ್ಷಣ ಅವಳ ಮುಖವನ್ನು ನೋಡಿರಿ. ಅವಳೂ ಯಾರದೋ ಮನೆಯಲ್ಲಿ ಮಗನಾಗಬೇಕಾಗಿ ಬಂದ ಮಗಳಾಗಿರಬಹುದು. ಬಳಿಕ ಒಳಗೆ ಹೋಗಿ ನಿಮ್ಮ ಮಗಳ ಮುಖವನ್ನು ನೋಡಿರಿ.